ಇಶೆನ್ ಎಂದು ಕೂಗಿದ್ದು ಯಾರನ್ನು

ನಮ್ಮ ಆ ಚಿತ್ರದ ಕೊನೆಯ ದೃಶ್ಯದ ಬಗ್ಗೆ ಪಂಡಿತರು ಬರೆದದ್ದನ್ನೆಲ್ಲ ಓದಿ ಓದಿ ನನಗೆ ಸಾಕಾಗಿದೆ. ಯುದ್ಧಕ್ಕೆ ಹೋಗುವ ಗಂಡಸರನ್ನು ತುಂಬಿಕೊಂಡು ಲಾರಿ ಹೊರಡುತ್ತದೆ. ಒಬ್ಬ ಹೆಂಗಸು ಅದರ ಹಿಂದೆ ಓಡುತ್ತ 'ಇಶೆನ್, ಇಶೆನ್' ಎಂದು ಕೂಗುತ್ತಾಳೆ. ನಮ್ಮ ಕಿರ್ಗಿಜ್ ಮಾತಿನಲ್ಲಿ ಇಶೆನ್ ಎಂದರೆ ನಂಬು. ಚಿತ್ರದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಇನ್ನೇನು ಬೇಕು ಪಂಡಿತರಿಗೆ? ಗಂಡನಿಗೆ ನಂಬು ಎನ್ನುತ್ತಿದ್ದಾಳೆ ಎಂದು ಒಬ್ಬ, ದೇಶಕ್ಕೇ ಹೇಳುತ್ತಿದ್ದಾಳೆ ಎಂದು ಇನ್ನೊಬ್ಬ, ಪುಟಗಟ್ಟಲೆ ಬರೆದರು. ಒಬ್ಬ ಪುಣ್ಯಾತ್ಮ ಅದರ ಮೇಲೆ ದಪ್ಪ ಪುಸ್ತಕವನ್ನೇ ಬರೆದು ನನಗೂ ಒಂದು ಪ್ರತಿ ಕಳಿಸಿದ. ಗಾಳಿಗೆ ಕಿಟಕಿ ಹೊಡೆದುಕೊಳ್ಳದ ಹಾಗೆ ಅದನ್ನು ಒತ್ತಿಟ್ಟಿದ್ದೇನೆ, ಚೆನ್ನಾಗಿ ಉಪಯೋಗಕ್ಕೆ ಬಂದಿದೆ.

ಆ ದೃಶ್ಯ ತೆಗೆದ ದಿನ ಅಲ್ಲಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ನಡೆದದ್ದನ್ನು ಹೇಳಿಬಿಡುತ್ತೇನೆ.

ನನ್ನ ಹೆಸರು ಕೆಂಜೆ. ಆಗ ಫ್ರುಂಜೆ ಪಟ್ಟಣದ ಸ್ಟುಡಿಯೋದಲ್ಲಿ ಸಹಾಯಕ ನಿರ್ದೇಶಕಿ. ಪದವಿ ದೊಡ್ಡದು, ಕೆಲಸ ಮಾತ್ರ ಊರೂರು ತಿರುಗಿ ಮುಖ ಹುಡುಕುವುದು. ಸಂತೆಯಲ್ಲಿ, ಕುರಿಹಟ್ಟಿಯಲ್ಲಿ, ಬಸ್ಸಿನಲ್ಲಿ ಕಂಡಕಂಡವರ ಮುಖವನ್ನು ದಿಟ್ಟಿಸುವ ಚಾಳಿ ಆಗ ಅಂಟಿದ್ದು ಇನ್ನೂ ಬಿಟ್ಟಿಲ್ಲ. ಇನ್ನೊಂದು ಕೆಲಸವೂ ನನ್ನ ತಲೆಗೆ ಕಟ್ಟಿದ್ದರು. ನಮ್ಮ ಚಿತ್ರಕಥೆಗಳನ್ನೆಲ್ಲ ಆಗ ರಷ್ಯನ್ನಿನಲ್ಲೇ ಬರೆಯಬೇಕಿತ್ತು, ಇಲ್ಲದಿದ್ದರೆ ಮೇಲಿನವರು ಓದಿ ಒಪ್ಪಿಗೆ ಕೊಡುವುದು ಹೇಗೆ? ಒಪ್ಪಿಗೆ ಸಿಕ್ಕ ಮೇಲೆ ಚಿತ್ರೀಕರಣದ ಬೆಳಿಗ್ಗೆ ನಾನು ಕೂತು ಅವತ್ತಿನ ಮಾತುಗಳನ್ನು ಕಿರ್ಗಿಜ್‌ಗೆ ತಿರುಗಿಸಿ ನಟರ ಬಾಯಿಗೆ ಹಾಕುತ್ತಿದ್ದೆ. ಹಳ್ಳಿ ನಮ್ಮದು, ಜನ ನಮ್ಮವರು, ಕಥೆ ಮಾತ್ರ ಬೇರೆ ಭಾಷೆಯಲ್ಲಿ ಹುಟ್ಟಿ ಬರುತ್ತಿತ್ತು. ನಾನು ಹೇಳಹೊರಟಿರುವ ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ನಿರ್ದೇಶಕನ ಹೆಸರು ಇಶೆನ್. ಹೌದು, ಅದೇ ಇಶೆನ್. ನಾವಿಬ್ಬರೂ ಓರಗೆಯವರು, ಹೋಗು ಬಾ ಎನ್ನುವ ಸಲಿಗೆ. ಅವನು ಐದು ವರ್ಷದವನಿದ್ದಾಗ ತಂದೆ ಯುದ್ಧಕ್ಕೆ ಹೋಗಿ ಮರಳಿ ಬರಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ತಾಯಿಯೂ ತೀರಿಕೊಂಡರು. ಹುಡುಗ ಪಟ್ಟಣದ ಅನಾಥಾಲಯದಲ್ಲಿ ಬೆಳೆದ, ಮಾಸ್ಕೋದಲ್ಲಿ ಓದಿದ. ಕಿರ್ಗಿಜ್ ಮಾತನ್ನು ಚೆನ್ನಾಗಿಯೇ ಆಡುತ್ತಿದ್ದ. ಆದರೆ ಒಲೆಯ ಸುತ್ತ ಕೂತು ಕಲಿಯುವ ಸಂಗತಿಗಳಿರುತ್ತವಲ್ಲ, ಅತ್ತೆಯ ಮುಂದೆ ಸೊಸೆ ಹೇಗಿರಬೇಕು, ಯಾರು ಯಾರನ್ನು ಏನೆಂದು ಕರೆಯಬೇಕು, ಅವು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ.

ಜಾಗ ನೋಡಲು ಕೊಚ್ಕೋರ್ ಕಣಿವೆಗೆ ಜೀಪಿನಲ್ಲಿ ಹೋಗುತ್ತಿದ್ದಾಗ ನಾನು ಕುರುತ್ ತಿನ್ನುತ್ತ ಅವನಿಗೂ ಒಂದು ಕೊಟ್ಟೆ. ಕುರುತ್ ಎಂದರೆ ಹುಳಿ ಮೊಸರನ್ನು ಉಂಡೆ ಕಟ್ಟಿ ಒಣಗಿಸಿದ್ದು, ಕಲ್ಲಿನ ಹಾಗೆ ಗಟ್ಟಿ, ಬಾಯಿಗೆ ಹಾಕಿಕೊಂಡರೆ ಬಹಳ ಹೊತ್ತು ಮಾತಿಲ್ಲ. ಅವನು ತೆಗೆದುಕೊಳ್ಳಲಿಲ್ಲ.

"ಅದು ಬೇಡ ಕೆಂಜೆ. ಅಪ್ಪ ಹೋದ ದಿನ ನನ್ನ ಬಾಯಲ್ಲಿ ಅದೇ ಇತ್ತು."

ಅವನೇ ಮುಂದುವರಿಸಿದ.

"ಲಾರಿ ಹೊರಡ್ತು. ನಾನು ದಾರಿ ಪಕ್ಕ ನಿಂತಿದ್ದೆ. ಅಮ್ಮ ಲಾರಿ ಹಿಂದೆ ಓಡ್ತಾ ನನ್ನನ್ನ ಕರೆದ್ಲು. ಇಶೆನ್, ಇಶೆನ್ ಅಂತ. ಒಂದು ಸಲ ಅಲ್ಲ, ಧೂಳಲ್ಲಿ ಕಾಣದೆ ಹೋಗೋವರೆಗೂ ಕರೀತಾನೇ ಇದ್ಲು."

"ನೀನೇನು ಮಾಡ್ದೆ?"

"ನಿಂತೇ ಇದ್ದೆ. ಜೊತೆಗೆ ಓಡಿ ಬಾ ಅಂತಿದ್ಲೋ, ಅಪ್ಪನ್ನ ನಿಲ್ಸು ಅಂತಿದ್ಲೋ. ನಾನೂ ಓಡಿದ್ರೆ ಅಪ್ಪ ಒಂದ್ಸಲ ತಿರುಗಿ ನೋಡ್ತಿದ್ರೇನೋ. ನೋಡಿದ್ರೋ ಇಲ್ವೋ, ಅದೂ ಗೊತ್ತಿಲ್ಲ. ಅಮ್ಮ ವಾಪಸ್ ಬಂದು ನನ್ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

"ನಿನ್ನ ಚಿತ್ರಕಥೆಯಲ್ಲಿ ಹುಡುಗನೇ ಇಲ್ವಲ್ಲೋ."

"ತೆಗೆದುಬಿಟ್ಟೆ. ಅವಳಿಗೆ ಮಕ್ಕಳಿಲ್ಲ. ಗಂಡನ ಹೆಸರು ಹಿಡಿದು ಕೂಗ್ತಾಳೆ. ಅಮ್ಮ ಕರೆದಾಗ ಹೋಗದೆ ನಿಂತ ಹುಡುಗನ್ನ ಪರದೆ ಮೇಲೂ ನನಗೆ ನೋಡೋಕಾಗಲ್ಲ."

ಇವನು ಇಡೀ ಚಿತ್ರ ಮಾಡುತ್ತಿರುವುದು ಆ ಒಂದು ಓಟಕ್ಕಾಗಿ, ಅದು ಸರಿಯಾಗಿ ಬಂದರೆ ಇವನ ಎದೆ ಸ್ವಲ್ಪ ಹಗುರಾದೀತು, ಬಾರದಿದ್ದರೆ ಇವನು ಮುಂದೆಂದೂ ಚಿತ್ರ ಮಾಡಲಾರ ಎಂದು ನನಗೆ ಅನ್ನಿಸಿತು. ಕುರುತನ್ನು ಬಾಯಿಂದ ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟೆ.

ಆ ಹೆಂಗಸಿನ ಪಾತ್ರಕ್ಕೆ ಸ್ಟುಡಿಯೋ ಆರಿಸಿದ್ದು ದಾರಿಕಾ ಎಜೆಯನ್ನು. ಎಜೆ ಎಂದರೆ ಅಕ್ಕ. ಪಟ್ಟಣದ ರಂಗಭೂಮಿಯಲ್ಲಿ ದೊಡ್ಡ ಹೆಸರು, ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುವ ಗಂಟಲು, ಬೇಕೆಂದಾಗ ಬೇಕಾದ ಕಣ್ಣಿನಲ್ಲಿ ನೀರು ತರುತ್ತಿದ್ದರು. ಕಣಿವೆಯಲ್ಲಿ ಪರೀಕ್ಷೆಗೆಂದು ಒಂದು ದೃಶ್ಯ ಮಾಡಿಸಿದೆವು. ಅಡುಗೆಯವನೂ ಸೌಟು ಹಿಡಿದುಕೊಂಡು ಅತ್ತ. ಇಶೆನ್ ಮಾತ್ರ ಮಂಕಾಗಿ ಕೂತ.

"ಯಾಕಪ್ಪಾ, ನನ್ನ ಅಳು ಸಾಲದಾ?" ದಾರಿಕಾ ಎಜೆ ಕೇಳಿದರು.

"ಜಾಸ್ತಿ ಆಯ್ತು ಎಜೆ. ನೀವು ಅಳೋದನ್ನ ನೋಡಿದ್ರೆ ಚಪ್ಪಾಳೆ ತಟ್ಟಬೇಕು ಅನ್ಸುತ್ತೆ."

"ಅದನ್ನ ಬೈಗುಳ ಅಂತ ತಗೋಬೇಕೋ ಹೊಗಳಿಕೆ ಅಂತಲೋ?" ಎಂದರು ಎಜೆ, ಕಣ್ಣೊರೆಸಿಕೊಳ್ಳುತ್ತಲೇ.

ಅಷ್ಟರಲ್ಲಿ ನಮ್ಮ ಬಿಡಾರಕ್ಕೆ ಒಬ್ಬ ಹೆಂಗಸು ನುಗ್ಗಿದಳು. ನಲವತ್ತೈದರ ಆಸುಪಾಸು, ಬಿಸಿಲಿಗೆ ಕಪ್ಪಾದ ಕೆನ್ನೆ, ಕೈಯಲ್ಲಿ ಹಾಲಿನ ಬಕೆಟ್ಟು. ಸಾಮೂಹಿಕ ಬೇಸಾಯದ ಹಸುಗಳನ್ನು ನೋಡಿಕೊಳ್ಳುವವಳು, ಹೆಸರು ಬುರುಲ್.

"ಇಲ್ಲಿ ಯಜಮಾನ ಯಾರು? ಆ ಕರೆಂಟು ಲಾರಿನ ಯಾರು ನಮ್ಮ ಹುಲ್ಲುಗಾವಲಲ್ಲಿ ನಿಲ್ಸಿದ್ದು? ಚಳಿಗಾಲಕ್ಕೆ ನನ್ನ ಹಸುಗಳು ಏನು ನಿಮ್ಮ ಸಿನಿಮಾ ತಿಂತಾವಾ?"

ಇಶೆನ್ ಅವಳ ಮುಖವನ್ನೇ ನೋಡುತ್ತಿದ್ದ. ಬೈಯುತ್ತಿದ್ದ ಬಾಯಿ ಒಂದು ಕಡೆ, ಕಣ್ಣು ಮಾತ್ರ ಬೇರೆ ಎಲ್ಲೋ ದೂರದ ದಾರಿಯ ಮೇಲೆ ಇದ್ದ ಹಾಗಿತ್ತು. ನನಗೂ ಅದು ಕಂಡಿತು, ಮುಖ ಹುಡುಕುವವಳಲ್ಲವೇ. ಅವನು ನನ್ನತ್ತ ತಿರುಗುವ ಮೊದಲೇ ನಾನು ತಲೆಯಾಡಿಸಿದ್ದೆ.

ಆ ಪಾತ್ರಕ್ಕೆ ಅವಳನ್ನು ಒಪ್ಪಿಸುವುದಕ್ಕೆ ಸಾಕುಬೇಕಾಯಿತು. ಕೊನೆಗೆ ಅವಳು ಕೇಳಿದ್ದು ಒಂದೇ. "ನಾನು ನಿಮ್ಮ ಜೊತೆ ಕುಣೀತಾ ಇದ್ರೆ ನನ್ನ ಹಸುಗಳ ಹಾಲು ಯಾರು ಕರೀತಾರೆ? ಆ ಕೆಂಪು ತುಟಿ ಅಮ್ಮನಾ?"

"ಕರೀತೀನಿ ಕಣೇ," ಎಂದರು ದಾರಿಕಾ ಎಜೆ. "ನಾನೇನು ನಾಟಕದ ಪರದೆ ಹಿಂದೆ ಹುಟ್ಟಿದವಳಾ? ನಮ್ಮಪ್ಪನ ಮನೇಲಿ ನಿನ್ನ ಹಸುಗಳಿಗಿಂತ ಪೊಗರಿನವು ಇದ್ವು."

ಹೀಗೆ ಪಾತ್ರ ಕಳೆದುಕೊಂಡವಳು ಪಾತ್ರ ಪಡೆದವಳ ಹಸುಗಳಿಗೆ ಹಾಲು ಕರೆಯತೊಡಗಿದಳು. ಎಜೆಗೆ ಬೇಸರವಾಗಿತ್ತು, ಅದು ಬಕೆಟ್ಟಿಗೆ ಹಾಲು ಬೀಳುವ ಸದ್ದಿನಲ್ಲೇ ಕೇಳುತ್ತಿತ್ತು. ಸ್ಟುಡಿಯೋದವರು ಫೋನಿನಲ್ಲಿ ಹಾರಾಡಿದರು. ಆಮೇಲೆ ಒಂದು ಷರತ್ತಿನ ಮೇಲೆ ತಣ್ಣಗಾದರು. ಹಳ್ಳಿಯವಳು ಕೊನೆಯ ದೃಶ್ಯ ಮಾಡಲಾರದೆ ಹೋದರೆ ಎಲ್ಲವನ್ನೂ ದಾರಿಕಾ ಜೊತೆ ಮತ್ತೆ ತೆಗೆಯಬೇಕು, ಅಲ್ಲಿಯವರೆಗೆ ದಾರಿಕಾ ಕಣಿವೆ ಬಿಟ್ಟು ಹೋಗಕೂಡದು.

ಗಂಡನ ಪಾತ್ರಕ್ಕೆ ಟ್ರ್ಯಾಕ್ಟರ್ ಓಡಿಸುವ ಕಾದಿರ್ ಸಿಕ್ಕ. ಅಗಲ ಭುಜ, ಗಿರಿಜಾ ಮೀಸೆ, ಮಾತೆಲ್ಲ ತಮಾಷೆ. ಅವನನ್ನು ಮೊದಲು ನೋಡಲು ನಾನೊಬ್ಬಳೇ ಹೋಗಿದ್ದೆ. ಹೊಲದಾಚೆಯಿಂದ ಅವನ ಹೆಂಡತಿ ಊಟದ ಗಂಟು ಹಿಡಿದು "ಬೇಗಿಮಾಯ್, ಬೇಗಿಮಾಯ್" ಎಂದು ಕೂಗಿದಳು. ಈ ಮೀಸೆಯವನು "ಬಂದೆ" ಎಂದು ಟ್ರ್ಯಾಕ್ಟರಿನಿಂದ ಇಳಿದ. ಬೇಗಿಮಾಯ್ ಎಂಬುದು ಅವನ ಹಿರಿಮಗಳ ಹೆಸರು.

"ಮನೇಲಿ ಬೇಗಿಮಾಯ್ ಅಂದ್ರೆ ಅಪ್ಪ ಮಗಳು ಇಬ್ರೂ ಓಗೊಡ್ತೀವಿ," ಎಂದ ನಗುತ್ತ. "ಕೆಲಸ ಇದ್ರೆ ಅವಳು ನನ್ನ ಕಡೆ ಕೈ ತೋರಿಸ್ತಾಳೆ, ಊಟ ಇದ್ರೆ ನಾನು ಅವಳ ಕಡೆ ತೋರಿಸ್ತೀನಿ."

ನನ್ನಜ್ಜಿಯೂ ಅಜ್ಜನನ್ನು ಹಾಗೆಯೇ ಕರೆಯುತ್ತಿದ್ದಳು, ಹಾಗಾಗಿ ನನಗೇನೂ ವಿಶೇಷ ಅನ್ನಿಸಲಿಲ್ಲ. ನಕ್ಕು, ಅವನ ಮುಖದ ಫೋಟೋ ತೆಗೆದುಕೊಂಡು ಬಂದೆ.

ಬುರುಲ್ ಎಜೆ ಉಳಿದ ದೃಶ್ಯಗಳನ್ನು ನೀರು ಕುಡಿದಷ್ಟು ಸಲೀಸಾಗಿ ಮಾಡಿದಳು. ರೊಟ್ಟಿ ತಟ್ಟು ಎಂದರೆ ತಟ್ಟುತ್ತಿದ್ದಳು, ಗಂಡನ ಅಂಗಿಗೆ ಗುಂಡಿ ಹೊಲಿ ಎಂದರೆ ಹೊಲಿಯುತ್ತಿದ್ದಳು. "ಇದಕ್ಕೂ ಸಂಬಳನಾ?" ಎಂದು ನನ್ನನ್ನು ಕೇಳಿದ್ದುಂಟು.

ಕೊನೆಗೆ ಲಾರಿಯ ದೃಶ್ಯದ ದಿನ ಬಂತು. ಪಾಪ್ಲರ್ ಮರಗಳ ಎಲೆ ಹಳದಿಯಾಗಲು ಶುರುವಾಗಿತ್ತು. ಹಳೆಯ ಲಾರಿಯ ಹಿಂಭಾಗದಲ್ಲಿ ಊರಿನ ಗಂಡಸರನ್ನು ಹತ್ತಿಸಿದೆವು. ಕ್ಯಾಮೆರಾವನ್ನೂ ಅಲ್ಲೇ ಕೂರಿಸಲಾಗಿತ್ತು, ಓಡಿ ಬರುವವಳ ಮುಖ ಕಾಣಲೆಂದು. ಕಾದಿರ್‌ಗೆ ಇಶೆನ್ ಮತ್ತೆ ಮತ್ತೆ ಹೇಳಿದ್ದ, ಏನೇ ಆದರೂ ಹಿಂದಕ್ಕೆ ತಿರುಗಕೂಡದು, ಗಂಡನಿಗೆ ಅವಳ ಕೂಗು ಕೇಳಿಸುವುದೇ ಇಲ್ಲ. ಗಂಡನ ಹೆಸರು ಚಿತ್ರಕಥೆಯಲ್ಲಿ ಬೈಸಾಲ್. ಉಳಿದ ಮಾತನ್ನೆಲ್ಲ ನಾನು ಕಿರ್ಗಿಜ್‌ಗೆ ತಿರುಗಿಸಿದ್ದೆ. ಅವತ್ತು ತಿರುಗಿಸುವುದಕ್ಕೇನೂ ಇರಲಿಲ್ಲ, ಅವಳ ಮಾತು ಆ ಹೆಸರೊಂದೇ.

ಲಾರಿ ಹೊರಟಿತು. ಬುರುಲ್ ಎಜೆ ಓಡಿದಳು. ಎಂಥ ಓಟ ಅದು, ನನ್ನ ಮೈ ಜುಮ್ಮೆಂದಿತು. ಬಾಯಿ ತೆರೆದಳು, ಸದ್ದು ಬರಲಿಲ್ಲ. ಮತ್ತೆ ತೆಗೆದೆವು. ಮತ್ತೆ ಓಡಿದಳು, ಮತ್ತೆ ಬಾಯಿ ತೆರೆದು ಮುಚ್ಚಿದಳು. ಬಿಸಿಲು ಬೆಟ್ಟದ ಕಡೆ ಜಾರತೊಡಗಿತು. ಲಾರಿ ಹಿಂದೆ ಬರುವುದು, ಮುಂದೆ ಹೋಗುವುದು, ಗಂಡಸರು ಯುದ್ಧಕ್ಕೆ ಹೊರಡುವುದು, ಇಳಿದು ಬೀಡಿ ಸೇದುವುದು, ಇದೇ ಆಯಿತು.

ಕ್ಯಾಮೆರಾದ ಸೆಮ್ಯೋನ್ ಒಳ್ಳೆಯ ಮನುಷ್ಯ, ಅವನೊಂದು ಉಪಾಯ ಹೇಳಿದ. "ಸುಮ್ನೆ ತುಟಿ ಆಡಿಸ್ಲಿ ಬಿಡೋ. ಹೇಗೂ ಪಟ್ಟಣದಲ್ಲಿ ಧ್ವನಿ ಸೇರಿಸ್ತೀವಿ. ದಾರಿಕಾ ಕೂಗ್ತಾರೆ."

"ಎರಡು ಕಣಿವೆ ಆಚೆಗೂ ಕೇಳೋ ಹಾಗೆ ಕೂಗ್ತೀನಿ," ಎಂದರು ದಾರಿಕಾ ಎಜೆ. ಅವರ ಕೈ ಹಾಲಿನ ವಾಸನೆ ಹೊಡೆಯುತ್ತಿತ್ತು. "ಆದ್ರೆ ಇಶೆನ್, ಅವಳ ಬಾಯಿ ಯಾಕೆ ಕಟ್ಟಿದೆ ಅಂತ ಮೊದಲು ಕೇಳು."

ಎಜೆಗೆ ಕಾರಣ ಆಗಲೇ ಹೊಳೆದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ತಾವೇ ಹೇಳದೆ ಅವಳನ್ನೇ ಕೇಳು ಎಂದರು. ಅಷ್ಟೂ ಹೇಳದಿದ್ದರೆ ಪಾತ್ರ ಅವರ ಕೈಗೇ ಬರುತ್ತಿತ್ತು. ಬರಗೊಡಲಿಲ್ಲ ಅವರು, ಅದಕ್ಕಾಗಿ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಇಶೆನ್ ದಾರಿ ಬದಿಯ ಹುಲ್ಲಿನ ಮೇಲೆ ಬುರುಲ್ ಎಜೆಯ ಪಕ್ಕ ಕೂತ. ನಾನು ಚಹಾ ತಂದುಕೊಟ್ಟು ಅಲ್ಲೇ ಕೂತೆ.

"ಎಜೆ, ಹೆಸರು ಮರೆತುಹೋಗ್ತಿದೆಯಾ?"

"ಇಲ್ಲ ತಮ್ಮಾ. ನೆನಪಿದೆ."

"ಮತ್ತೆ ಹೇಳಿ ನೋಡೋಣ, ಇಲ್ಲೇ, ಮೆಲ್ಲಗೆ."

ಅವಳು ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅವನು ಇವಳಿಗೆ ಗಂಡ ಅಲ್ವಾ?"

"ಗಂಡನೇ."

"ಗಂಡನ ಹೆಸರು ಹೇಗೆ ಹೇಳ್ಲಿ?"

"ಇದು ಸಿನಿಮಾ ಎಜೆ. ಕಾದಿರ್ ನಿಮ್ಮ ಗಂಡ ಅಲ್ಲ, ಅವನ ಹೆಸರು ಬೈಸಾಲೂ ಅಲ್ಲ."

"ಸಿನಿಮಾ ಅಂತ ನನಗೆ ಗೊತ್ತು. ನಾಲಿಗೆಗೆ ಗೊತ್ತಿಲ್ಲ, ನಾನೇನು ಮಾಡ್ಲಿ?"

ಅವನು ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಗಂಡನ ಹೆಸರು, ಮಾವನ ಹೆಸರು, ಗಂಡನ ಅಣ್ಣಂದಿರ ಹೆಸರು ಸೊಸೆಯಾದವಳ ಬಾಯಲ್ಲಿ ಬರುವುದಿಲ್ಲ. ನಮಗೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ. ಆದರೆ ರಷ್ಯನ್ ಹಾಳೆಯ ಮೇಲೆ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆದರೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಸ್ಟುಡಿಯೋದಲ್ಲಿ ಅದನ್ನು ಓದಿದ ಕಿರ್ಗಿಜರೆಲ್ಲ ರಷ್ಯನ್ನಿನಲ್ಲೇ ಓದಿದ್ದರು, ನಾನೂ ಸೇರಿ.

"ಹಾಗಾದ್ರೆ ಗಂಡ ಹೊರಟು ಹೋಗ್ತಿದ್ರೆ ಏನಂತ ಕರೀತೀರಿ?"

"ನಿನ್ನ ಕಥೆಯವಳಿಗೆ ಮಕ್ಕಳಿದ್ದಾವಾ?"

"ಇಲ್ಲ."

"ಅದೇ ತೊಂದ್ರೆ," ಎಂದಳು ಅವಳು. "ನನಗೂ ಇರ್ಲಿಲ್ಲ."

ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ದಾರಿಯ ಕಡೆ ನೋಡುತ್ತ ಹೇಳಿದಳು. "ಇದೇ ದಾರೀಲಿ ನಾನೂ ಓಡಿದ್ದೆ. ಮದುವೆ ಆಗಿ ಒಂದು ಚಳಿಗಾಲ ಕಳೆದಿತ್ತು ಅಷ್ಟೆ. ಲಾರಿ ತುಂಬ ಗಂಡಸರು. ಎಲ್ಲಾ ಹೆಂಗಸರೂ ಅವರವರ ಮಕ್ಕಳ ಹೆಸರು ಕೂಗ್ತಿದ್ರು. ನಾನು ಏನಂತ ಕೂಗ್ಲಿ? ಏಯ್ ಅಂದೆ. ಯಾವಳೋ ಒಬ್ಳು ಏಯ್ ಅಂದ್ರೆ ಅದು ತನಗೇ ಅಂತ ಅವ್ರಿಗೆ ಹೇಗೆ ಗೊತ್ತಾಗ್ಬೇಕು. ಆ ಕಡೆ ನೋಡ್ಕೊಂಡೇ ಹೋದ್ರು. ಒಂದ್ಸಲ ಹೆಸರು ಹಿಡಿದು ಕೂಗಿಬಿಡೋಣ ಅಂತ ಬಾಯಿ ತೆಗೆದೆ ತಮ್ಮಾ. ದಾರಿ ಪಕ್ಕದಲ್ಲಿ ಅತ್ತೆ ನಿಂತಿದ್ರು. ಹೆಸರು ಬಾಯಿಂದ ಬರ್ಲಿಲ್ಲ. ಆಗ ಬರದೇ ಇದ್ದದ್ದು ಈಗ ನೀನು ಸಂಬಳ ಕೊಡ್ತೀನಿ ಅಂದ್ರೆ ಬರುತ್ತಾ?"

ನನಗೆ ಕಣ್ಣು ತುಂಬಿತು. ಇಶೆನ್ ಅವಳಿಗೆ ಏನಾದರೂ ಸಮಾಧಾನ ಹೇಳುತ್ತಾನೆಂದು ನಾನು ಕಾದೆ. ಅವನು ಸಮಾಧಾನ ಹೇಳಲಿಲ್ಲ. ಅವನ ಮುಖ ಬಿಳುಚಿಕೊಂಡಿತ್ತು.

"ಎಲ್ಲರೂ ಮಕ್ಕಳ ಹೆಸರು ಕೂಗ್ತಿದ್ರು ಅಂದ್ರಲ್ಲ. ಮಕ್ಕಳನ್ನ ಯಾಕೆ ಕರೀತಿದ್ರು?"

"ಮಕ್ಕಳನ್ನ ಯಾರು ಕರೆದ್ರು? ಗಂಡಂದಿರನ್ನ. ಇಂಥವನ ಅಪ್ಪ ಅಂತ ಕರೀಬೇಕು. ಲಾರಿ ಹೊರಟು ಹೋಗೋವಾಗ ಅಷ್ಟುದ್ದ ಯಾರಿಗೆ ಬರುತ್ತೆ? ಮಗೂ ಹೆಸರೊಂದೇ."

"ಬರೀ ಹೆಸರು."

"ಬರೀ ಹೆಸರು. ಗಂಡನಿಗೆ ತಿಳಿಯುತ್ತೆ."

ಅವನು ಎದ್ದು ಮರದ ತನಕ ಹೋದ. ಅಲ್ಲಿ ನಮಗೆ ಬೆನ್ನು ಮಾಡಿ ನಿಂತ. ಸೆಮ್ಯೋನ್ ಬೆಳಕಿನ ಕಡೆ ಕೈ ತೋರಿಸಿ ನನಗೆ ಸನ್ನೆ ಮಾಡಿದ, ನಾನು ಸುಮ್ಮನಿರು ಎಂದೆ. ಇಶೆನ್ ತಿರುಗಿ ಬಂದು ಬುರುಲ್ ಎಜೆಯ ಎದುರಿಗೆ ಮೊಣಕಾಲೂರಿ ಕೂತ.

"ಎಜೆ, ಒಬ್ಬ ಹೆಂಗಸು. ಗಂಡ ಲಾರಿ ಮೇಲೆ. ಐದು ವರ್ಷದ ಮಗ ದಾರಿ ಪಕ್ಕ ನಿಂತಿದ್ದಾನೆ, ಅವನ ಹೆಸರು ಇಶೆನ್. ಅವಳು ಇಶೆನ್ ಇಶೆನ್ ಅಂತ ಕೂಗ್ತಾ ಓಡಿದ್ಲು. ಕರೆದದ್ದು ಯಾರನ್ನ?"

"ಇದೊಂದು ಕೇಳೋ ಮಾತಾ? ಗಂಡನ್ನ," ಎಂದಳು. ಎಂದವಳು ಅವನ ಮುಖ ನೋಡಿದಳು. ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಒರಟು ಅಂಗೈಯಿಂದ ಅವನ ತಲೆ ಸವರಿದಳು.

"ನಿನ್ನನ್ನ ಅಲ್ಲ ಕಣಪ್ಪಾ,"  ಎಂದಳು. "ನಿನ್ನನ್ನ ಕರೀಲಿಲ್ಲ ಅವಳು. ನೀನು ಅಲ್ಲೇ ನಿಂತಿರ್ಬೇಕಾಗಿತ್ತು. ನಿಂತಿದ್ದೆ. ಸರಿಯಾಗೇ ಮಾಡಿದ್ದೆ."

ಅವನು ಅತ್ತ. ಮಗು ಅಳುವ ಹಾಗೆ, ಮೂಗು ಸೋರಿಸಿಕೊಂಡು ಅತ್ತ. ಇಡೀ ತಂಡ ನೋಡುತ್ತಿದೆ ಎನ್ನುವ ಪರಿವೆ ಇರಲಿಲ್ಲ. ಬುರುಲ್ ಎಜೆ ಮೇಲಂಗಿಯ ಜೇಬಿನಿಂದ ಒಂದು ಕುರುತ್ ತೆಗೆದು ಅದಕ್ಕಂಟಿದ ನೂಲನ್ನು ಊದಿ ಅವನ ಕೈಗಿಟ್ಟಳು. "ಬಾಯಿಗೆ ಹಾಕ್ಕೋ. ಅತ್ರೆ ಬಾಯಿ ಒಣಗುತ್ತೆ." ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ಎದ್ದವನೇ ಕ್ಯಾಮೆರಾವನ್ನು ಲಾರಿಯಿಂದ ಇಳಿಸಲು ಹೇಳಿದ. ದಾರಿಯ ಬದಿಗೆ, ಚಿಕ್ಕ ಹುಡುಗನ ಕಣ್ಣಿನ ಎತ್ತರಕ್ಕೆ ತಂದು ಇಡಿಸಿದ.

"ಇಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತೆ," ಎಂದ ಸೆಮ್ಯೋನ್. "ಆ ಮುಖಕ್ಕೋಸ್ಕರ ಇಷ್ಟೆಲ್ಲ ಜಗಳ ಆಡಿ ಈಗ ಬೆನ್ನು ತೆಗೀತೀಯಾ?"

"ನನಗೆ ಕಂಡದ್ದೂ ಬೆನ್ನೇ," ಎಂದ ಇಶೆನ್.

"ಮಗೂನ ಹೆಸರು ಕೂಗಿದ್ರೆ ಮಗು ಎಲ್ಲಿ ಅಂತ ಕೇಳ್ತಾರಲ್ಲೋ," ಎಂದೆ ನಾನು. "ಒಬ್ಬ ಹುಡುಗನ್ನ ಹುಡುಕ್ಲಾ?"

"ಬೇಡ. ಅವನು ಇಲ್ಲೇ ನಿಂತಿರ್ತಾನೆ," ಎಂದು ಕ್ಯಾಮೆರಾದ ಪಕ್ಕ ಹೋಗಿ ನಿಂತ. ನಿಂತು, ಮುಷ್ಟಿಯಲ್ಲಿದ್ದ ಕುರುತನ್ನು ಬಾಯಿಗೆ ಹಾಕಿಕೊಂಡ.

ಕಾದಿರ್ ಲಾರಿಯ ಮೇಲಿಂದ ಕೇಳಿದ. "ನನಗೆ ಏನಾದ್ರೂ ಬದಲಾವಣೆ ಇದೆಯಾ?" ಇಶೆನ್ ಇಲ್ಲವೆಂದು ಕೈಯಾಡಿಸಿದ. ತಿರುಗಬಾರದು ಎನ್ನುವುದು ಹಾಗೆಯೇ ಉಳಿಯಿತು.

ಲಾರಿ ಹೊರಟಿತು. ಬುರುಲ್ ಎಜೆ ನಮ್ಮ ಪಕ್ಕದಿಂದಲೇ ಹಾದು ಮುಂದಕ್ಕೆ ಓಡಿದಳು. "ಇಶೆನ್" ಎಂದು ಕೂಗಿದಳು. ಆ ಕೂಗಿಗೆ ಮರದ ಮೇಲಿನ ಹಕ್ಕಿಗಳೆದ್ದವು. ಇಷ್ಟು ವರ್ಷ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದಕ್ಕೆ ಕೊನೆಗೆ ಹೊರಬರಲು ಒಂದು ಹೆಸರು ಸಿಕ್ಕಿತ್ತು. "ಇಶೆನ್, ಇಶೆನ್." ಒಂದು ಚಪ್ಪಲಿ ಕಳಚಿಬಿತ್ತು, ಅವಳು ನಿಲ್ಲಲಿಲ್ಲ. ನಾನು ಇಶೆನ್‌ನನ್ನು ನೋಡಿದೆ. ಅವನು ಕಾಲು ಜೋಡಿಸಿ, ಕೈ ಇಳಿಬಿಟ್ಟು, ಅಲುಗದೆ ನಿಂತಿದ್ದ. ಒಂದು ಕೆನ್ನೆ ಕುರುತಿನಿಂದ ಉಬ್ಬಿತ್ತು.

ಆಗ ಲಾರಿಯ ಮೇಲೆ ಕಾದಿರ್ ತಿರುಗಿದ. ಇತರ ಗಂಡಸರ ನಡುವೆ ಅವನೊಬ್ಬನ ಮುಖ ಥಟ್ಟನೆ ಈ ಕಡೆ ಬಂತು. ಅವಳನ್ನು ಹುಡುಕಿತು, ಅವಳ ಮೇಲೆ ನಿಂತಿತು. ಅವನು ಟೋಪಿ ತೆಗೆದು ಎತ್ತಿ ಹಿಡಿದ. ಸೆಮ್ಯೋನ್ ಹಲ್ಲು ಕಚ್ಚಿ ಏನೋ ಬೈದ, ಆದರೆ ಕ್ಯಾಮೆರಾ ನಿಲ್ಲಿಸಲಿಲ್ಲ. ನಿಲ್ಲಿಸಿ ಎನ್ನಬೇಕಾದವನ ಬಾಯಲ್ಲಿ ಕುರುತ್ ಇತ್ತು. ಯಾರೂ ಹೇಳದ್ದರಿಂದ ಲಾರಿ ಹೋಗುತ್ತಲೇ ಇತ್ತು, ಬುರುಲ್ ಎಜೆ ಓಡುತ್ತಲೇ ಇದ್ದಳು, ಧೂಳು ಇಬ್ಬರನ್ನೂ ಮುಚ್ಚಿತು. ಫಿಲ್ಮ್ ಮುಗಿದು ಕ್ಯಾಮೆರಾ ತಾನಾಗಿ ನಿಂತಿತು.

ಲಾರಿ ಹಿಂದಿರುಗಿದಾಗ ಕಾದಿರ್ ತಪ್ಪು ಮಾಡಿದವನ ಮುಖ ಹೊತ್ತು ಇಳಿದ.

"ಬೈಯಿರಿ," ಎಂದ. "ತಿರುಗಬಾರ್ದು ಅಂತ ಸಾವಿರ ಸಲ ಹೇಳಿದ್ರಿ. ಬೈಸಾಲ್ ಅಂತ ಕೂಗಿದ್ರೆ ಕಲ್ಲಿನ ಹಾಗೆ ಕೂತಿರ್ತಿದ್ದೆ, ಯಾರೋ ಏನೋ ಅಂತ. ಹೆಂಗಸು ಮಗೂನ ಹೆಸರು ಹಿಡಿದು ಹಾಗೆ ಕೂಗಿದ್ರೆ ಯಾವ ಗಂಡಸಿಗೆ ತಿರುಗದೇ ಇರೋಕಾಗುತ್ತೆ? ಕತ್ತು ತಾನೇ ತಿರುಗ್ತು."

"ಯಾವ ಗಂಡಸಿಗೂ ಆಗಲ್ವಾ?" ಇಶೆನ್ ಕುರುತನ್ನು ಕೆನ್ನೆಗೆ ಸರಿಸಿಕೊಂಡು ಕೇಳಿದ.

"ಆಗಲ್ಲ ಸ್ವಾಮಿ. ನಮ್ಮಪ್ಪನಿಗೂ ಆಗ್ತಿರ್ಲಿಲ್ಲ, ನಿಮ್ಮಪ್ಪನಿಗೂ ಆಗ್ತಿರ್ಲಿಲ್ಲ."

ಕಾದಿರ್‌ಗೆ ಏನೂ ಗೊತ್ತಿರಲಿಲ್ಲ, ಮಾತಿನ ಓಘಕ್ಕೆ ಅಂದದ್ದು. ಇಶೆನ್ ಅವನನ್ನು ಬಾಚಿ ತಬ್ಬಿಕೊಂಡ. ಟ್ರ್ಯಾಕ್ಟರ್ ಓಡಿಸುವವನು ಗಾಬರಿಯಾಗಿ ನನ್ನತ್ತ ನೋಡಿದ. ದಾರಿಕಾ ಎಜೆ ಮುಖ ತಿರುಗಿಸಿಕೊಂಡು ಅಳುತ್ತಿದ್ದರು. ಈ ಸಲದ ಅಳು ಅಷ್ಟೇನೂ ಚೆನ್ನಾಗಿರಲಿಲ್ಲ, ಮೂಗು ಕೆಂಪಾಗಿತ್ತು, ಸದ್ದು ಒಡೆದಿತ್ತು.

"ನಾಳೆ ನನ್ನನ್ನ ಪಟ್ಟಣಕ್ಕೆ ಕಳಿಸು," ಎಂದರು ಇಶೆನ್‌ಗೆ. "ಇನ್ನು ನನ್ನ ಕೆಲಸ ಇಲ್ಲ. ಬೆಳಗಿನ ಹಾಲು ಕರೆದುಕೊಟ್ಟೇ ಹೋಗ್ತೀನಿ."

ಬುರುಲ್ ಎಜೆ ದೂರದಿಂದ ಕುಂಟುತ್ತ ಬರುತ್ತಿದ್ದಳು. ನಾನು ಅವಳ ಚಪ್ಪಲಿ ಹಿಡಿದುಕೊಂಡು ಎದುರಿಗೆ ಹೋದೆ. ಧೂಳು ಮೆತ್ತಿದ ಮುಖದಲ್ಲಿ ಕಣ್ಣೀರಿನ ದಾರಿಗಳಿದ್ದವು. ಅವಳು ನನ್ನ ಭುಜ ಹಿಡಿದುಕೊಂಡು ಚಪ್ಪಲಿಗೆ ಕಾಲು ತೂರಿಸಿದಳು. ಉಸಿರು ಹತೋಟಿಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು.

"ಕೆಂಜೆ, ಅವನು ತಿರುಗಿ ನೋಡ್ದ ಅಲ್ವಾ? ನನಗೆ ಹಾಗನ್ನಿಸಿದ್ದಷ್ಟೇ ಅಲ್ಲ ತಾನೇ?"

"ನೋಡ್ದ ಎಜೆ. ನಾವೆಲ್ಲ ಕಂಡ್ವಿ. ಫಿಲ್ಮಿನಲ್ಲೂ ಬಿದ್ದಿದೆ."

"ಅದನ್ನ ಕತ್ತರಿಸ್ಬೇಡ ಅಂತ ನಿಮ್ಮ ಯಜಮಾನನಿಗೆ ಹೇಳು," ಎಂದಳು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಳು, ನನಗಲ್ಲ, ದಾರಿಗೆ. "ನನ್ನ ಕೂಗು ಅವ್ರಿಗೆ ಕೇಳಿಸ್ತು."